ಮಾತಾಡಿಸಿಕೊಂಡು ಬರುವುದು ಅಂದರೆ

ಅಪ್ಪ ತೀರಿಕೊಂಡ ಮೂರನೇ ದಿನ ನಮ್ಮ ಮನೆಗೆ ಇಬ್ಬರು ಬಂದಿದ್ದರು. ಬೆಳಗ್ಗೆ ಬಂದವರು ದೂರದ ಸಂಬಂಧಿ. ಓದಿಕೊಂಡವರು, ಒಳ್ಳೆಯ ಮನಸ್ಸಿನವರು. ಅಮ್ಮನ ಎದುರು ಕುರ್ಚಿ ಎಳೆದುಕೊಂಡು ಕೂತು ಅರ್ಧ ಗಂಟೆ ಮಾತಾಡಿದರು. ಹುಟ್ಟಿದವರು ಒಂದು ದಿನ ಹೋಗಲೇಬೇಕು, ಸದ್ಯ ಹಾಸಿಗೆ ಹಿಡಿದು ನರಳಲಿಲ್ಲ, ನೀವೇ ಹೀಗೆ ಕೂತರೆ ಮಕ್ಕಳ ಗತಿ ಏನು, ಧೈರ್ಯ ತಂದುಕೊಳ್ಳಿ. ಅಮ್ಮ ಎಲ್ಲದಕ್ಕೂ ತಲೆ ಆಡಿಸಿದಳು. ಅವರು ಹೋದ ಮೇಲೆ ಗೋಡೆ ಕಡೆ ತಿರುಗಿ ಮಲಗಿದಳು.

ಮಧ್ಯಾಹ್ನ ಹಿಂದಿನ ಬೀದಿಯ ಅಜ್ಜಿ ಬಂದರು. ಕೈಯಲ್ಲಿ ಸ್ಟೀಲ್ ಕ್ಯಾರಿಯರ್, ಅದರಲ್ಲಿ ಅನ್ನ, ತಿಳಿಸಾರು. ಚಾಪೆಯ ಮೇಲೆ ಅಮ್ಮನ ಪಕ್ಕ ಕೂತರು. ತುಂಬಾ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ಮೆಲ್ಲಗೆ, "ಅವತ್ತು ಬೆಳಗ್ಗೆ ಕಾಫಿ ಕುಡಿದಿದ್ರಾ?" ಅಂತ ಕೇಳಿದರು. ಅಷ್ಟೇ. ಮೂರು ದಿನದಲ್ಲಿ ಮೊದಲ ಸಲ ಅಮ್ಮ ಬಾಯಿ ಬಿಟ್ಟಳು. ಕಾಫಿ ಕುಡಿದದ್ದು, ಪೇಪರನ್ನು ಅರ್ಧ ಓದಿ ಮಡಿಸಿಟ್ಟದ್ದು, ಎದೆ ಯಾಕೋ ಹಿಡಿದ ಹಾಗಿದೆ ಅಂದದ್ದು, ಗ್ಯಾಸ್ ಇರಬೇಕು ಅಂತ ತಾನು ಜೀರಿಗೆ ನೀರು ಕುದಿಸಿ ಕೊಟ್ಟದ್ದು. ಜೀರಿಗೆ ನೀರಿನ ಹತ್ತಿರ ಬಂದಾಗ ಜೋರಾಗಿ ಅತ್ತಳು. ಅಜ್ಜಿ "ಅಳಬೇಡ" ಅನ್ನಲಿಲ್ಲ. ಅಮ್ಮನ ಕೈಯನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡು ಸುಮ್ನೆ ಕೂತಿದ್ದರು. ಆ ಸಂಜೆ ಅಮ್ಮ ನಾಲ್ಕು ತುತ್ತು ಅನ್ನ ಉಂಡಳು.

ಇದನ್ನು ನಾನು ಎಷ್ಟೋ ಸಲ ನೆನೆಸಿಕೊಂಡಿದ್ದೇನೆ. ಇಬ್ಬರಿಗೂ ಅಮ್ಮನ ಮೇಲೆ ಪ್ರೀತಿ ಇತ್ತು. ಒಬ್ಬರ ಮಾತು ಯಾಕೆ ಹೊರಗೇ ನಿಂತಿತು, ಇನ್ನೊಬ್ಬರ ಒಂದು ಪ್ರಶ್ನೆ ಯಾಕೆ ಒಳಗೆ ಇಳಿಯಿತು? ಮನಶ್ಶಾಸ್ತ್ರಜ್ಞರು ಈ ಪ್ರಶ್ನೆಯನ್ನು ಸುಮಾರು ನಲವತ್ತು ವರ್ಷಗಳಿಂದ ಕೆದಕುತ್ತಿದ್ದಾರೆ. ಅವರು ಕಂಡುಕೊಂಡದ್ದನ್ನು ಓದಿದಾಗ ನನಗೆ ಹೊಳೆದದ್ದು ನಮ್ಮ ಭಾಷೆಯದೇ ಒಂದು ಮಾತು. ಸಾವಾದ ಮನೆಗೋ, ಕಷ್ಟದಲ್ಲಿರುವವರ ಮನೆಗೋ ಹೊರಟಾಗ ನಾವು "ಮಾತಾಡಿಸಿಕೊಂಡು ಬರ್ತೀನಿ" ಅನ್ನುತ್ತೇವೆ. ಮಾತಾಡಿ ಬರ್ತೀನಿ ಅನ್ನುವುದಿಲ್ಲ. ಮಾತಾಡಬೇಕಾದವರು ಯಾರು ಅನ್ನುವುದು ಆ ಕ್ರಿಯಾಪದದಲ್ಲೇ ಇದೆ.

ಹಿಡಿದ ಕೈ ಮಾಡುವ ಕೆಲಸ

ಮೊದಲು ಮೈಯಿಂದ ಶುರು ಮಾಡೋಣ, ಯಾಕೆಂದರೆ ಸಮಾಧಾನ ಅನ್ನುವುದು ಮಾತಿಗಿಂತ ತುಂಬಾ ಹಳೆಯದು. 1970ರ ದಶಕದಲ್ಲಿ ಫ್ರಾನ್ಸ್ ಡಿ ವಾಲ್ ಎಂಬ ವಿಜ್ಞಾನಿ ನೆದರ್‌ಲ್ಯಾಂಡ್ಸ್‌ನ ಆರ್ನ್‌ಹೆಮ್ ಮೃಗಾಲಯದ ಚಿಂಪಾಂಜಿಗಳನ್ನು ಗಮನಿಸುತ್ತಿದ್ದರು. ಎರಡು ಚಿಂಪಾಂಜಿ ಜಗಳವಾಡಿ ಒಂದು ಸೋತು ಕೂತರೆ, ಜಗಳಕ್ಕೆ ಸಂಬಂಧವೇ ಇಲ್ಲದ ಮೂರನೆಯದು ಬಂದು ಅದನ್ನು ತಬ್ಬಿಕೊಳ್ಳುತ್ತಿತ್ತು. ಇದನ್ನು ಅವರು 1979ರಲ್ಲಿ ಬರೆದರು. ಮಾತೇ ಇಲ್ಲದ ಪ್ರಾಣಿಗಳಲ್ಲೂ ಸಂತೈಸುವುದು ಇದೆ. ನಮ್ಮ ಮಕ್ಕಳಲ್ಲೂ ಹಾಗೇ. ಎರಡು ವರ್ಷ ತುಂಬುವ ಹೊತ್ತಿಗೆ ಮಗು ಅಳುವವರ ಹತ್ತಿರ ಹೋಗಿ ತಟ್ಟುತ್ತದೆ, ತನ್ನ ಗೊಂಬೆ ಕೊಡುತ್ತದೆ. ಇದನ್ನು ನೋಡದ ಅಮ್ಮಂದಿರು ಕಡಿಮೆ.

ಜೇಮ್ಸ್ ಕೋನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಈ ವಿಷಯದಲ್ಲಿ ಬಹಳ ಹೆಸರುವಾಸಿ. ಮದುವೆಯಾದ 16 ಹೆಂಗಸರನ್ನು ಒಬ್ಬೊಬ್ಬರಾಗಿ ಮೆದುಳಿನ ಸ್ಕ್ಯಾನ್ ಯಂತ್ರದಲ್ಲಿ ಮಲಗಿಸಿದರು. ಕಾಲಿನ ಹತ್ತಿರ ಸಣ್ಣ ಕರೆಂಟ್ ಶಾಕ್ ಕೊಡುವ ತಂತಿ. ಪರದೆಯ ಮೇಲೆ ಒಂದು ಗುರುತು ಬಂದರೆ ಶಾಕ್ ಹೊಡೆಯಬಹುದು, ಇನ್ನೊಂದು ಬಂದರೆ ಏನೂ ಆಗಲ್ಲ. ಇದನ್ನು ಮೂರು ಸಲ ಮಾಡಿದರು. ಒಂದು ಸಲ ಒಂಟಿಯಾಗಿ, ಒಂದು ಸಲ ಗುರುತಿಲ್ಲದವರೊಬ್ಬರ ಕೈ ಹಿಡಿದು, ಇನ್ನೊಂದು ಸಲ ಗಂಡನ ಕೈ ಹಿಡಿದು.

ಒಂಟಿಯಾಗಿದ್ದಾಗ ಅಪಾಯಕ್ಕೆ ಪ್ರತಿಕ್ರಿಯಿಸುವ ಮೆದುಳಿನ ಭಾಗಗಳು ಜೋರಾಗಿ ಕೆಲಸ ಮಾಡಿದವು. ಗುರುತಿಲ್ಲದವರ ಕೈ ಹಿಡಿದಾಗ ಆ ಗದ್ದಲ ಸ್ವಲ್ಪ ಇಳಿಯಿತು. ಗಂಡನ ಕೈ ಹಿಡಿದಾಗ ಇನ್ನೂ ಜಾಸ್ತಿ ಇಳಿಯಿತು. ಸಂಸಾರದಲ್ಲಿ ಹೆಚ್ಚು ನೆಮ್ಮದಿ ಇದ್ದವರಲ್ಲಿ ಇಳಿತವೂ ಹೆಚ್ಚು. ಶಾಕ್‌ನ ಸಾಧ್ಯತೆ ಮೂರು ಸಲವೂ ಒಂದೇ ಆಗಿತ್ತು ಅನ್ನುವುದನ್ನು ಮರೆಯಬಾರದು. ಅಪಾಯ ಒಂದಿಷ್ಟೂ ಕಡಿಮೆ ಆಗಿರಲಿಲ್ಲ. ಅದನ್ನು ಒಬ್ಬರೇ ಹೊರಬೇಕು ಅನ್ನುವ ಭಾರ ಮಾತ್ರ ಕಡಿಮೆ ಆಗಿತ್ತು. ಹದಿನಾರೇ ಜನರ ಪ್ರಯೋಗ, ಚಿಕ್ಕದು ನಿಜ. ಆದರೆ ಆಸ್ಪತ್ರೆಯ ಕಾರಿಡಾರಿನಲ್ಲಿ ಯಾರದಾದರೂ ಕೈ ಹಿಡಿದು ಕೂತವರಿಗೆ ಇದನ್ನು ನಂಬುವುದು ಕಷ್ಟವಲ್ಲ.

ಅಜ್ಜಿ ಅಮ್ಮನ ಕೈ ಹಿಡಿದು ಸುಮ್ಮನಿದ್ದಾಗ ನಾನು ಒಳಗೊಳಗೇ ಚಡಪಡಿಸಿದ್ದೆ. ಏನಾದರೂ ಹೇಳಬಾರದಾ ಅಂತ. ಆಗ ನನಗೆ ಗೊತ್ತಿರಲಿಲ್ಲ, ಅವರು ಆಗಲೇ ಕೆಲಸ ಶುರು ಮಾಡಿದ್ದರು.

"ಅಳಬೇಡ" ಯಾರಿಗಾಗಿ?

ಎದುರಿಗಿರುವವರು ಅಳುತ್ತಿದ್ದರೆ ನಮ್ಮೊಳಗೆ ಎರಡು ಬೇರೆ ಬೇರೆ ಭಾವನೆ ಏಳಬಹುದು. ಒಂದು, ಅವರ ಬಗ್ಗೆ ಮರುಕ. ಇನ್ನೊಂದು, ನಮ್ಮದೇ ಸಂಕಟ. ಹೊಟ್ಟೆಯಲ್ಲಿ ಕಿವುಚಿದ ಹಾಗೆ ಆಗುವುದು, ಇಲ್ಲಿಂದ ಎದ್ದು ಹೋದರೆ ಸಾಕಪ್ಪ ಅನ್ನಿಸುವುದು. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ. ಆದರೆ ಅವು ನಮ್ಮಿಂದ ಮಾಡಿಸುವ ಕೆಲಸ ಬೇರೆ.

ಕ್ಯಾನ್ಸಸ್ ವಿಶ್ವವಿದ್ಯಾಲಯದ ಡೇನಿಯಲ್ ಬ್ಯಾಟ್ಸನ್ 1981ರಲ್ಲಿ ಇದನ್ನು ಪರೀಕ್ಷೆ ಮಾಡಿದರು. ಒಬ್ಬ ಯುವತಿ ಕರೆಂಟ್ ಶಾಕ್ ತಿಂದು ಒದ್ದಾಡುವುದನ್ನು ವಿದ್ಯಾರ್ಥಿಗಳಿಗೆ ಪರದೆಯ ಮೇಲೆ ತೋರಿಸಿದರು. ಅದು ಅಭಿನಯ, ಅವರಿಗೆ ಗೊತ್ತಿರಲಿಲ್ಲ. ಕೆಲವರಿಗೆ ಸ್ವಲ್ಪ ನೋಡಿ ಎದ್ದು ಹೋಗಬಹುದು ಅಂದರು. ಇನ್ನು ಕೆಲವರಿಗೆ ಕೊನೆಯವರೆಗೂ ನೋಡಲೇಬೇಕು ಅಂದರು. ಆಮೇಲೆ, ಅವಳ ಜಾಗದಲ್ಲಿ ನೀವು ಶಾಕ್ ತಗೋತೀರಾ ಅಂತ ಕೇಳಿದರು. ಅವಳ ಬಗ್ಗೆ ಮರುಕ ಹೆಚ್ಚಿದ್ದವರಲ್ಲಿ ಹೆಚ್ಚಿನವರು, ಎದ್ದು ಹೋಗಲು ಅವಕಾಶ ಇದ್ದಾಗಲೂ, ತಾವು ತಗೋತೀವಿ ಅಂದರು. ತಮ್ಮದೇ ಸಂಕಟ ಹೆಚ್ಚಾಗಿದ್ದವರು ಬಾಗಿಲು ತೆರೆದಿದ್ದರೆ ಹೆಚ್ಚಾಗಿ ಹೊರಟುಹೋದರು.

ಸಾವಿನ ಮನೆಯಲ್ಲಿ ಎದ್ದು ಹೋಗಲು ಆಗಲ್ಲ. ಆದರೆ ಕೂತಲ್ಲೇ ಓಡಿಹೋಗಲು ಮಾತು ಇದೆಯಲ್ಲ! "ಅಳಬೇಡ, ಅಳಬೇಡ." "ಎಲ್ಲಾ ಸರಿಹೋಗುತ್ತೆ." "ಕಾಲವೇ ಮರೆಸುತ್ತೆ ಬಿಡು." ಇವು ಕೆಟ್ಟ ಮಾತುಗಳಲ್ಲ. ಆದರೆ ಎಷ್ಟೋ ಸಲ ಅವು ಅಳುವವರ ನೋವನ್ನಲ್ಲ, ನೋಡುವವರ ಇರುಸುಮುರುಸನ್ನು ನಿಲ್ಲಿಸಲು ಬರುತ್ತವೆ. ನಾನೂ ಹೀಗೆ ಮಾಡಿದ್ದೇನೆ. ಗೆಳೆಯನೊಬ್ಬ ಫೋನಿನಲ್ಲಿ ಬಿಕ್ಕಿ ಬಿಕ್ಕಿ ಅಳುವಾಗ "ಏ, ಸಮಾಧಾನ ಮಾಡ್ಕೊಳ್ಳೋ, ಪ್ಲೀಸ್" ಅಂತ ಐದಾರು ಸಲ ಹೇಳಿದೆ. ಆ ಪ್ಲೀಸ್ ನನಗೋಸ್ಕರ ಇತ್ತು. ಅವನು ಅಳು ನುಂಗಿಕೊಂಡ. ಆಮೇಲೆ ಆ ವಿಷಯವನ್ನು ನನ್ನ ಹತ್ತಿರ ಎತ್ತಲೇ ಇಲ್ಲ.

ಅದಕ್ಕೇ ಸಂತೈಸುವ ಮೊದಲ ಹೆಜ್ಜೆ ನಮ್ಮ ಒಳಗೇ ಇದೆ. ಉಸಿರು ಸ್ವಲ್ಪ ನಿಧಾನ ಮಾಡಿ, "ಈಗ ಕಸಿವಿಸಿ ಆಗ್ತಿರೋದು ನನಗೆ" ಅಂತ ಮನಸ್ಸಿನಲ್ಲೇ ಗುರುತು ಮಾಡಿಕೊಂಡರೆ ಸಾಕು. ಬಾಯಿ ಅರ್ಧ ಹತೋಟಿಗೆ ಬರುತ್ತದೆ.

ಮೂರು ಬಗೆಯ ಉತ್ತರ

ಬ್ರ್ಯಾಂಟ್ ಬರ್ಲೆಸನ್ ಅಂತ ಒಬ್ಬ ಪ್ರೊಫೆಸರ್ ಇದ್ದರು. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಸಂವಹನ ಕಲಿಸುತ್ತಿದ್ದರು. ಜನ ಕಷ್ಟದಲ್ಲಿರುವವರಿಗೆ ಏನೇನು ಹೇಳುತ್ತಾರೆ, ಅದರಲ್ಲಿ ಯಾವುದು ನಿಜವಾಗಿಯೂ ನೆಮ್ಮದಿ ಕೊಡುತ್ತದೆ ಅನ್ನುವುದರ ಅಧ್ಯಯನದಲ್ಲೇ ಅವರು ವೃತ್ತಿಜೀವನದ ಬಹುಪಾಲು ಕಳೆದರು. 2010ರಲ್ಲಿ ತೀರಿಕೊಂಡರು. ಸಾಂತ್ವನದ ಮಾತುಗಳನ್ನು ಅವರು ಒಂದೇ ಅಳತೆಗೋಲಿನಲ್ಲಿ ಅಳೆದರು. ಎದುರಿಗಿರುವವರ ಭಾವನೆಯನ್ನು ಈ ಮಾತು ಎಷ್ಟು ಒಪ್ಪಿಕೊಳ್ಳುತ್ತದೆ? ಅದನ್ನು ಬಿಡಿಸಿ ಹೇಳಿಕೊಳ್ಳಲು ಎಷ್ಟು ಜಾಗ ಕೊಡುತ್ತದೆ?

ಒಂದು ಉದಾಹರಣೆ ತಗೊಳ್ಳೋಣ. ಬೆಂಗಳೂರಿನಲ್ಲಿ ಐಟಿ ಕೆಲಸದಲ್ಲಿರುವ ನಿಮ್ಮ ತಂಗಿ ರಾತ್ರಿ ಹತ್ತಕ್ಕೆ ಫೋನ್ ಮಾಡುತ್ತಾಳೆ. "ಇವತ್ತು ನನ್ನ ಕೆಲಸ ಹೋಯ್ತು. ಹದಿನೈದು ನಿಮಿಷದ ಮೀಟಿಂಗ್, ಲ್ಯಾಪ್‌ಟಾಪ್ ವಾಪಸ್ ಇಸ್ಕೊಂಡ್ರು."

ಕೆಳಗಿನ ಮೆಟ್ಟಿಲಿನ ಉತ್ತರ ಹೀಗಿರುತ್ತದೆ: "ಅಯ್ಯೋ, ಇಷ್ಟಕ್ಕೆಲ್ಲಾ ಯಾಕೆ ತಲೆ ಕೆಡಿಸ್ಕೋತೀಯಾ? ಎಷ್ಟು ಜನರ ಕೆಲಸ ಹೋಗಿಲ್ಲ! ನಾನು ಆವತ್ತೇ ಹೇಳಿದ್ದೆ, ಆ ಕಂಪನಿ ಬೇಡ ಅಂತ." ಇಲ್ಲಿ ಅವಳ ನೋವಿಗೆ ಜಾಗವೇ ಇಲ್ಲ. ನೀನು ಹೀಗೆ ಅಂದುಕೊಳ್ಳುವುದೇ ತಪ್ಪು ಅನ್ನುವ ತೀರ್ಪು ಇದೆ.

ನಡುವಿನ ಮೆಟ್ಟಿಲು: "ಛೆ, ಬೇಜಾರಾಯ್ತು ಕಣೇ. ಬಿಡು, ಇನ್ನೊಂದು ಕೆಲಸ ಸಿಗುತ್ತೆ. ನಾಳೆ ಮನೆಗೆ ಬಾ, ಸಿನಿಮಾಕ್ಕೆ ಹೋಗೋಣ." ಇದರಲ್ಲಿ ಪ್ರೀತಿ ಇದೆ. ನಮ್ಮಲ್ಲಿ ಹೆಚ್ಚಿನವರು ಇಲ್ಲೇ ನಿಲ್ಲುತ್ತೇವೆ. ಆದರೆ ಮಾತು ನೋವಿನ ಪಕ್ಕದಿಂದ ಸರಿದುಹೋಗುತ್ತದೆ. ಅವಳು ಹೇಳಬೇಕೆಂದುಕೊಂಡದ್ದು ಗಂಟಲಲ್ಲೇ ಉಳಿಯುತ್ತದೆ.

ಮೇಲಿನ ಮೆಟ್ಟಿಲು: "ಹದಿನೈದೇ ನಿಮಿಷನಾ? ಆರು ವರ್ಷ ಅಲ್ವಾ ನೀನು ಅಲ್ಲಿದ್ದದ್ದು? ಯಾರಿಗಾದ್ರೂ ಹೊಟ್ಟೆ ಉರಿಯುತ್ತೆ. ಆ ಮೀಟಿಂಗಲ್ಲಿ ಏನಾಯ್ತು ಹೇಳು." ಇದರಲ್ಲಿ ಸಲಹೆ ಇಲ್ಲ, ಪರಿಹಾರ ಇಲ್ಲ. ನಿನಗೆ ಹೀಗೆ ಅನ್ನಿಸುವುದು ಸಹಜ ಅನ್ನುವ ಒಪ್ಪಿಗೆ ಇದೆ, ಹೇಳು ಅನ್ನುವ ಬಾಗಿಲು ಇದೆ. ಬೇರೆ ಬೇರೆ ದೇಶ, ವಯಸ್ಸು, ಗಂಡು ಹೆಣ್ಣು ಅಂತ ನೋಡಿದಾಗ ಅಲ್ಪಸ್ವಲ್ಪ ವ್ಯತ್ಯಾಸ ಕಂಡರೂ, ಒಟ್ಟಾರೆ ಈ ಮೂರನೆಯದೇ ಹೆಚ್ಚು ನೆಮ್ಮದಿ ಕೊಡುತ್ತದೆ ಅಂತ ಬರ್ಲೆಸನ್ ಮತ್ತು ಅವರ ನಂತರದವರ ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ.

ಇದನ್ನು ಓದಿದಾಗ ನನಗೆ ತಕ್ಷಣ ನೆನಪಾದದ್ದು ನಮ್ಮ "ಸದ್ಯ". "ಸದ್ಯ, ನರಳಲಿಲ್ಲ." "ಸದ್ಯ, ಪ್ರಾಣಕ್ಕೇನೂ ಆಗಲಿಲ್ಲ." "ಸದ್ಯ, ಇನ್ನೊಂದು ಮಗು ಇದೆಯಲ್ಲ." ಈ ಒಂದು ಪದದ ಬಗ್ಗೆ ತುಂಬಾ ಯೋಚಿಸಿದ್ದೇನೆ. ನೊಂದವರೇ ಇದನ್ನು ಹೇಳಿಕೊಂಡರೆ ಅದು ದೊಡ್ಡ ಆಸರೆ. ಅಮ್ಮನೇ ಕೆಲವು ತಿಂಗಳ ನಂತರ "ಸದ್ಯ, ಯಾರ ಕೈಲೂ ಮಾಡಿಸಿಕೊಳ್ಳದೆ ಹೋದರು" ಅಂದಳು. ಹಾಗೆ ಹೇಳುವಾಗ ಅವಳ ಮುಖ ಹಗುರವಾಗಿತ್ತು. ಅದೇ ಮಾತನ್ನು ಮೂರನೇ ದಿನ ಬೇರೆಯವರು ಹೇಳಿದಾಗ ಗೋಡೆ ಕಡೆ ತಿರುಗಿದ್ದಳು. ಪದ ಒಂದೇ. ಅದನ್ನು ಯಾರು ಕಂಡುಕೊಂಡರು ಅನ್ನುವುದರಲ್ಲಿ ಎಲ್ಲಾ ಇದೆ.

ಬರ್ಲೆಸನ್ ಇನ್ನೊಂದು ಸೂಕ್ಷ್ಮವನ್ನೂ ಹೇಳಿದ್ದರು. ನೋವು ತೀರಾ ಹಸಿಯಾಗಿದ್ದಾಗ ಮನಸ್ಸಿಗೆ ಮಾತನ್ನು ಅರಗಿಸಿಕೊಳ್ಳುವ ಶಕ್ತಿಯೇ ಇರುವುದಿಲ್ಲ. ಎಷ್ಟು ಚೆನ್ನಾಗಿ ಜೋಡಿಸಿದ ಮಾತಾದರೂ ಒಳಗೆ ಹೋಗಲ್ಲ. ಆಗ ಹತ್ತಿರ ಇರುವುದು, ದನಿಯ ಮೆದು, ಒಂದು ಲೋಟ ನೀರು ಇವೇ ಕೆಲಸ ಮಾಡುವುದು. ಸುದ್ದಿ ಕೇಳಿದ ಮೊದಲ ಗಂಟೆಯಲ್ಲಿ ಏನು ಹೇಳಲಿ ಅಂತ ಒದ್ದಾಡುವವರಿಗೆ ಇದು ದೊಡ್ಡ ಬಿಡುಗಡೆ. ಏನೂ ಹೇಳಬೇಕಾಗಿಲ್ಲ.

ಹೇಳಿಕೊಂಡು ಅಳುವುದು

ನಮ್ಮ ಹಳ್ಳಿಗಳಲ್ಲಿ ಹೆಂಗಸರು ಸಾವಿನ ಮನೆಯಲ್ಲಿ ಬರೀ ಅಳುವುದಿಲ್ಲ, ಹೇಳಿಕೊಂಡು ಅಳುತ್ತಾರೆ. ಹೊಸದಾಗಿ ಒಬ್ಬರು ಬಾಗಿಲಿಗೆ ಬಂದ ಕೂಡಲೇ ಅಪ್ಪಿಕೊಂಡು, ಹೋದವರು ಹೀಗಿದ್ದರು, ಹೀಗೆ ಅನ್ನುತ್ತಿದ್ದರು, ನಿನ್ನೆ ಮೊನ್ನೆ ಹೊಲಕ್ಕೆ ಹೋಗಿದ್ದರು ಅಂತ ರಾಗವಾಗಿ ಹೇಳುತ್ತಾ ಅಳುತ್ತಾರೆ. ಚಿಕ್ಕವನಿದ್ದಾಗ ನನಗೆ ಇದು ಭಯ ಹುಟ್ಟಿಸುತ್ತಿತ್ತು. ಪೇಟೆಯಲ್ಲಿ ಓದಿದ ಮೇಲೆ ಸ್ವಲ್ಪ ಮುಜುಗರವೂ ಆಗುತ್ತಿತ್ತು. ಈಗ ಅದರ ಬಗ್ಗೆ ಗೌರವ ಇದೆ.

ಭಾವನೆಗೆ ಹೆಸರಿಟ್ಟು ಹೇಳಿದರೆ ಏನಾಗುತ್ತದೆ ಅಂತ ಕ್ಯಾಲಿಫೋರ್ನಿಯಾದಲ್ಲಿ ಮ್ಯಾಥ್ಯೂ ಲೀಬರ್‌ಮನ್ ಮತ್ತು ಸಂಗಡಿಗರು ನೋಡಿದರು. 2007ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ ಜನರಿಗೆ ಕೋಪ, ಭಯ ತುಂಬಿದ ಮುಖಗಳ ಚಿತ್ರ ತೋರಿಸಿದರು. ಒಂದು ಸಲ ಆ ಭಾವನೆಗೆ ಸರಿಯಾದ ಪದ ಆರಿಸಿ ಅಂದರು, ಇನ್ನೊಂದು ಸಲ ಆ ಮುಖಕ್ಕೆ ಒಂದು ಹೆಸರು ಆರಿಸಿ ಅಂದರು. ಭಾವನೆಯ ಪದ ಆರಿಸಿದಾಗ ಮೆದುಳಿನಲ್ಲಿ ಭಯದ ಗಂಟೆ ಬಾರಿಸುವ ಅಮಿಗ್ಡಲಾ ಎಂಬ ಭಾಗ ತಣ್ಣಗಾಯಿತು. ಬರೀ ಕೊರೆಯುತ್ತಿದ್ದದ್ದು "ನನಗೆ ಭಯ ಆಗ್ತಿದೆ", "ಅವರ ಮೇಲೆ ಸಿಟ್ಟು ಬರ್ತಿದೆ" ಅಂತ ಆದಾಗ ಸ್ವಲ್ಪ ಹಿಡಿತಕ್ಕೆ ಸಿಗುತ್ತದೆ.

ಹಾಗಂತ ಹೇಳಿಕೊಂಡರೆ ನೋವು ಖಾಲಿ ಆಗಿಬಿಡುತ್ತದೆ ಅಂತ ಅಂದುಕೊಳ್ಳಬಾರದು. ಬೆಲ್ಜಿಯಂನ ಬರ್ನಾರ್ ರಿಮೆ ಈ ನಂಬಿಕೆಯನ್ನೇ ಹಲವು ವರ್ಷ ಪರೀಕ್ಷಿಸಿದರು. ಮನಸ್ಸು ಕಲಕುವ ಘಟನೆ ನಡೆದರೆ ಬಹುಪಾಲು ಜನ ಅದನ್ನು ಯಾರಿಗಾದರೂ ಹೇಳುತ್ತಾರೆ, ಹೆಚ್ಚಾಗಿ ಅದೇ ದಿನ. ಹೇಳಿದ ಮೇಲೆ ಹಗುರ ಆಯ್ತು ಅನ್ನುತ್ತಾರೆ, ಕೇಳಿದವರಿಗೆ ಹತ್ತಿರ ಆಗುತ್ತಾರೆ. ಆದರೆ ಆ ಘಟನೆ ನೆನೆದಾಗ ಏಳುವ ನೋವಿನ ತೀವ್ರತೆ ಹೇಳಿಕೊಂಡ ಮಾತ್ರಕ್ಕೆ ಇಳಿಯುವುದಿಲ್ಲ ಅಂತ ಅವರು ಕಂಡುಕೊಂಡರು. ಅದು ಇಳಿಯಬೇಕಾದರೆ ಆ ಘಟನೆಗೆ ಮನಸ್ಸಿನಲ್ಲಿ ಹೊಸ ಜಾಗ, ಹೊಸ ಅರ್ಥ ಸಿಗಬೇಕು. ಆದ್ದರಿಂದ ಅನುಕ್ರಮ ಮುಖ್ಯ. ಮೊದಲು ಕೇಳಿಸಿಕೊಳ್ಳುವುದು. ತುಂಬಾ ಆಮೇಲೆ, ಅವರಾಗಿಯೇ ಅರ್ಥ ಹುಡುಕತೊಡಗಿದಾಗ ಜೊತೆಗೆ ಯೋಚಿಸುವುದು. ಆ ಸಂಬಂಧಿಯ ಮಾತುಗಳು ಸುಳ್ಳಾಗಿರಲಿಲ್ಲ. ಆರು ತಿಂಗಳು ಬೇಗ ಬಂದಿದ್ದವು.

ಸಾವಿಲ್ಲದ ಮನೆಯ ಸಾಸಿವೆಯ ಕಥೆಯನ್ನು ನಾವೆಲ್ಲ ಶಾಲೆಯಲ್ಲಿ ಕೇಳಿದ್ದೇವೆ. ಸತ್ತ ಮಗುವನ್ನು ಎತ್ತಿಕೊಂಡು ಬಂದ ಕಿಸಾಗೋತಮಿಗೆ ಬುದ್ಧ "ಎಲ್ಲರಿಗೂ ಸಾವು ಬರುತ್ತದಮ್ಮ" ಅಂತ ಅಲ್ಲೇ ಹೇಳಬಹುದಿತ್ತು. ಹೇಳಲಿಲ್ಲ. ಸಾವೇ ಕಾಣದ ಮನೆಯಿಂದ ಸಾಸಿವೆ ತಗೊಂಡು ಬಾ ಅಂತ ಕಳಿಸಿದ. ಅವಳು ಬಾಗಿಲಿಂದ ಬಾಗಿಲಿಗೆ ಹೋದಳು. ಒಂದೊಂದು ಮನೆಯಲ್ಲೂ ತನ್ನ ಮಗುವಿನ ವಿಷಯ ಹೇಳಿಕೊಂಡಿರಬೇಕು, ಅವರದನ್ನೂ ಕೇಳಿರಬೇಕು. ಸತ್ಯವನ್ನು ಅವಳೇ ನಡೆದು ಕಂಡುಕೊಂಡಳು. ಈ ಕಥೆಯನ್ನು ಎಲ್ಲರೂ ಸಾವಿನ ಬಗ್ಗೆ ಅನ್ನುತ್ತಾರೆ. ನನಗೆ ಇದು ಸಂತೈಸುವುದರ ಬಗ್ಗೆ ಇರುವ ಕಥೆ ಅನ್ನಿಸುತ್ತದೆ.

ಇನ್ನೊಂದು ಎಚ್ಚರಿಕೆ. ಇಬ್ಬರು ಆಪ್ತರು ಒಂದೇ ನೋವನ್ನು ದಿನಾ ಅದೇ ದಾರಿಯಲ್ಲಿ ಸುತ್ತುತ್ತಾ ಹೋದರೆ ಅದು ಹುಣ್ಣು ಕೆರೆದ ಹಾಗೆ. ಅಮಾಂಡಾ ರೋಸ್ ಎಂಬ ಸಂಶೋಧಕಿ ಶಾಲೆಯ ಮಕ್ಕಳಲ್ಲಿ ಇದನ್ನು ಗಮನಿಸಿ 2002ರಲ್ಲಿ ಬರೆದರು. ಹೀಗೆ ಜೊತೆಯಾಗಿ ಕೊರಗುವವರಲ್ಲಿ ಸ್ನೇಹ ಗಟ್ಟಿ ಇರುತ್ತದೆ, ಜೊತೆಗೆ ಖಿನ್ನತೆ, ಆತಂಕವೂ ಜಾಸ್ತಿ ಇರುತ್ತದೆ. ಮಾತು ಅದೇ ಸುತ್ತಿನಲ್ಲಿ ಸಿಕ್ಕಿಕೊಂಡಿದೆ ಅನ್ನಿಸಿದರೆ ಎದ್ದು ಜೊತೆಗೆ ಅಂಗಡಿಯವರೆಗೆ ನಡೆದು ಬರುವುದು ಒಳ್ಳೆಯದು.

ಕಾಣದ ಹಾಗೆ ಮಾಡಿದ ಸಹಾಯ

ಬರೀ ಕೇಳಿಸಿಕೊಳ್ಳುವುದಷ್ಟೇ ಅಲ್ಲ, ಕೆಲಸವೂ ಸಾಂತ್ವನವೇ. ಅದರಲ್ಲೂ ಒಂದು ಸೂಕ್ಷ್ಮ ಇದೆ. ನಿಯಾಲ್ ಬೋಲ್ಜರ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಅಧ್ಯಯನ ಇದು. ನ್ಯೂಯಾರ್ಕ್‌ನಲ್ಲಿ ವಕೀಲರಾಗಲು ಬರೆಯಬೇಕಾದ ಪರೀಕ್ಷೆ ಬಲು ಕಷ್ಟದ್ದು. ಅದಕ್ಕೆ ಓದುತ್ತಿದ್ದವರು ಮತ್ತು ಅವರ ಸಂಗಾತಿಗಳು ಪರೀಕ್ಷೆಗೆ ಮುಂಚಿನ ವಾರಗಳಲ್ಲಿ ದಿನಾ ಪ್ರತ್ಯೇಕವಾಗಿ ಡೈರಿ ಬರೆದರು. ಇವತ್ತು ನನಗೆ ಆಸರೆ ಸಿಕ್ಕಿತಾ? ಇವತ್ತು ನಾನು ಆಸರೆ ಕೊಟ್ಟೆನಾ? ಎರಡನ್ನೂ ಹೋಲಿಸಿ ನೋಡಿದರು. ಸಂಗಾತಿ ಕೊಟ್ಟೆ ಅಂತ ಬರೆದಿದ್ದು, ಓದುವವರು ಅದನ್ನು ಗಮನಿಸದೇ ಇದ್ದ ದಿನಗಳೇ ಹೆಚ್ಚು ಒಳ್ಳೆಯದು ಮಾಡಿದ್ದವು. "ನನಗೆ ಸಹಾಯ ಮಾಡಿದರು" ಅಂತ ಎದ್ದು ಕಂಡ ದಿನಗಳಲ್ಲಿ ಮನಸ್ಸು ಇನ್ನಷ್ಟು ಕುಗ್ಗಿದ್ದೂ ಇತ್ತು.

ಯಾಕೆ? ಎದ್ದು ಕಾಣುವ ಸಹಾಯ "ನಿನ್ನ ಕೈಲಿ ಆಗ್ತಿಲ್ಲ" ಅಂತಲೂ ಹೇಳಿಬಿಡುತ್ತದೆ. ಸಾವಾದ ಮನೆಯಲ್ಲಿ ಒಲೆ ಹಚ್ಚಬಾರದು ಅನ್ನುವ ರೂಢಿ ಎಷ್ಟೋ ಕಡೆ ಇದೆ. ಅಕ್ಕಪಕ್ಕದವರು ಅಡುಗೆ ಕಳಿಸುತ್ತಾರೆ. ನಿಮಗೆ ಬೇಕಾ ಅಂತ ಯಾರೂ ಕೇಳುವುದಿಲ್ಲ, ಥ್ಯಾಂಕ್ಸ್ ಹೇಳಬೇಕಾಗಿಯೂ ಇಲ್ಲ. ಅದು ಸಹಾಯದ ಹಾಗೇ ಕಾಣುವುದಿಲ್ಲ, ಪದ್ಧತಿಯ ಹಾಗೆ ಕಾಣುತ್ತದೆ. "ಏನಾದ್ರೂ ಬೇಕಾದ್ರೆ ಫೋನ್ ಮಾಡಿ" ಅನ್ನುವ ನಮ್ಮ ಈಗಿನ ಮಾತು ಇದಕ್ಕೆ ಸಮ ಅಲ್ಲ. ಬೇಕಾದದ್ದು ಏನು ಅಂತ ಯೋಚಿಸುವ ಕೆಲಸವನ್ನೂ, ಕೇಳುವ ಮುಜುಗರವನ್ನೂ ಅದು ನೊಂದವರ ಮೇಲೇ ಹೊರಿಸುತ್ತದೆ. "ನಾಳೆ ಮಕ್ಕಳನ್ನ ಸ್ಕೂಲಿಗೆ ನಾನೇ ಬಿಡ್ತೀನಿ, ಎಂಟಕ್ಕೆ ಬರ್ತೀನಿ" ಅಂದರೆ ಬೇರೆಯೇ.

ಒತ್ತಾಯ ಬೇಡ

ಮಾತಾಡಿಸುವುದು ಅಂದರೆ ಬಾಯಿ ಬಿಡಿಸುವುದಲ್ಲ. ಈ ತಪ್ಪನ್ನು ಪರಿಣತರೇ ಮಾಡಿದ್ದುಂಟು. 1980ರ ದಶಕದಿಂದ ಅಪಘಾತ, ದುರಂತ ನಡೆದ ಕೂಡಲೇ ಬದುಕುಳಿದವರನ್ನು ಕೂರಿಸಿ, ನಡೆದದ್ದನ್ನೆಲ್ಲ ವಿವರವಾಗಿ ಹೇಳಿಸುವ ಪದ್ಧತಿ ಹಲವು ದೇಶಗಳಲ್ಲಿ ಹರಡಿತು. ಹೇಳಿಸಿಬಿಟ್ಟರೆ ಮುಂದೆ ತೊಂದರೆ ಆಗಲ್ಲ ಅನ್ನುವ ನಂಬಿಕೆ. 2002ರ ಹೊತ್ತಿಗೆ ಇಂಥ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದಾಗ, ಒಂದೇ ಸಲ ಕೂರಿಸಿ ಹೇಳಿಸುವುದರಿಂದ ಪ್ರಯೋಜನ ಕಾಣಲಿಲ್ಲ. ಸುಟ್ಟಗಾಯಗಳಾದವರ ಮೇಲೆ ನಡೆದ ಒಂದು ಅಧ್ಯಯನದಲ್ಲಂತೂ ಒಂದು ವರ್ಷದ ಆಚೆ, ಹಾಗೆ ಹೇಳಿಸಿಕೊಂಡವರ ಸ್ಥಿತಿಯೇ ಹೆಚ್ಚು ಕೆಟ್ಟದಾಗಿತ್ತು. ಗಾಯ ಹಸಿಯಾಗಿರುವಾಗ ಒತ್ತಿ ಹಿಂಡಬಾರದು.

ಅದರ ಜಾಗದಲ್ಲಿ ಈಗ ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಹೊರತಂದ ಕೈಪಿಡಿಯ ಮಾರ್ಗ ಹೆಚ್ಚು ಬಳಕೆಯಲ್ಲಿದೆ. ಮನಸ್ಸಿನ ಪ್ರಥಮ ಚಿಕಿತ್ಸೆ ಅನ್ನಬಹುದು. ಸುತ್ತ ನೋಡು, ಹೇಳಿದರೆ ಕೇಳು, ಬೇಕಾದವರ ಜೊತೆ ಜೋಡಿಸು. ಅಷ್ಟೇ. ಅದನ್ನು ಮಾಡಲು ಡಾಕ್ಟರ್ ಆಗಿರಬೇಕಿಲ್ಲ.

ಬೆಂಗಳೂರಿಗೆ ಈ ವಿಷಯದಲ್ಲಿ ಒಂದು ನೋವಿನ ನೆನಪಿದೆ. 1981ರ ಫೆಬ್ರವರಿ 7ರಂದು ಇಲ್ಲಿ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿತ್ತು. 90ಕ್ಕೂ ಹೆಚ್ಚು ಜನ ಸತ್ತರು, ಅದರಲ್ಲಿ ತುಂಬಾ ಜನ ಮಕ್ಕಳು. ಮಕ್ಕಳನ್ನು, ಮನೆಯವರನ್ನು ಕಳೆದುಕೊಂಡ ಕುಟುಂಬಗಳ ದುಃಖವನ್ನು ನಿಮ್ಹಾನ್ಸ್‌ನ ತಜ್ಞರು ಅಧ್ಯಯನ ಮಾಡಿದರು. ಮುಂದೆ ಗುಜರಾತ್ ಭೂಕಂಪ, 2004ರ ಸುನಾಮಿಯಂಥ ದುರಂತಗಳಲ್ಲಿ ಊರಿನ ಸಾಮಾನ್ಯ ಜನರಿಗೇ ಸಾಂತ್ವನದ ಕೆಲಸ ಕಲಿಸುವುದರಲ್ಲೂ ನಿಮ್ಹಾನ್ಸ್ ಮುಂದಿತ್ತು. ನೊಂದವರ ಸಂಖ್ಯೆ ಸಾವಿರಗಟ್ಟಲೆ ಇರುವಾಗ ಪಕ್ಕದ ಮನೆಯವರೇ ಮೊದಲ ಆಸರೆ.

ಪಕ್ಕದ ಮನೆಯವರಿಂದ ಆಗದ್ದೂ ಇದೆ. ವಾರಗಟ್ಟಲೆ ಊಟ ನಿದ್ದೆ ಇಲ್ಲ, "ಇದ್ದು ಏನು ಪ್ರಯೋಜನ" ಅನ್ನುವ ಮಾತು ಬರುತ್ತಿದೆ ಅಂದರೆ ನೇರವಾಗಿ ಕೇಳಿ. "ಸಾಯಬೇಕು ಅಂತ ಅನ್ನಿಸ್ತಿದೆಯಾ?" ಕೇಳಿದರೆ ಆ ಯೋಚನೆ ತಲೆಗೆ ಬಂದುಬಿಡುತ್ತದೆ ಅನ್ನುವ ಭಯ ಎಲ್ಲರಿಗೂ ಇದೆ. ಹಾಗಾಗುವುದಿಲ್ಲ ಅಂತ ಅಧ್ಯಯನಗಳು ಹೇಳುತ್ತವೆ. ಎಷ್ಟೋ ಜನರಿಗೆ, ಕೊನೆಗೂ ಒಬ್ಬರು ಕೇಳಿದರಲ್ಲ ಅಂತ ಎದೆ ಹಗುರ ಆಗುತ್ತದೆ. ಹೌದು ಅಂದರೆ ಅವರನ್ನು ಒಂಟಿಯಾಗಿ ಬಿಡಬೇಡಿ. ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೂ ಮಾತಾಡಬಹುದು. ಅವರ ಪಕ್ಕ ಕೂತು ನೀವೇ ನಂಬರ್ ಒತ್ತಿ ಕೊಡಿ.

ಹೋಗಲಾ, ಬೇಡವಾ

ಇಷ್ಟೆಲ್ಲ ಗೊತ್ತಿದ್ದೂ ನಾವು ಎಡವುವ ಜಾಗ ಒಂದಿದೆ. ಹೋಗುವುದೇ ಇಲ್ಲ. ಏನು ಹೇಳಲಿ, ತಪ್ಪು ಮಾತಾಡಿಬಿಟ್ಟರೆ, ಮರೆತಿದ್ದವರಿಗೆ ನೆನಪು ಮಾಡಿದ ಹಾಗಾದರೆ ಅಂತ ಹಿಂಜರಿಯುತ್ತೇವೆ. ಮರೆತಿರುತ್ತಾರಾ? ಜೇಮ್ಸ್ ಡಂಗನ್, ನಿಕೊಲಸ್ ಎಪ್ಲಿ ಮತ್ತು ಜೊತೆಗಾರರು 2022ರಲ್ಲಿ ಪ್ರಕಟಿಸಿದ ಅಧ್ಯಯನ ಇದೇ ಹಿಂಜರಿಕೆಯ ಬಗ್ಗೆ. ಆಸರೆಯ ಮಾತು ಕಳಿಸುವವರು, ಅದು ಎದುರಿನವರಿಗೆ ಮುಜುಗರ ತರಬಹುದು ಅಂತ ಅಂದಾಜು ಮಾಡಿದ್ದರು. ಪಡೆದವರಿಗೆ ಆ ಅಂದಾಜಿಗಿಂತ ತುಂಬಾ ಹೆಚ್ಚು ಖುಷಿ ಆಗಿತ್ತು, ಮುಜುಗರ ಕಡಿಮೆ ಆಗಿತ್ತು. ಕೊಡುವವರು ಪದ ಸರಿ ಇದೆಯಾ ಅಂತ ಲೆಕ್ಕ ಹಾಕುತ್ತಿರುತ್ತಾರೆ. ಪಡೆಯುವವರಿಗೆ ಕಾಣುವುದು ಬಂದ ಪ್ರೀತಿ.

ನಮ್ಮಲ್ಲಿ ಹದಿಮೂರು ದಿನ ಮನೆ ತುಂಬಾ ಜನ. ಹದಿನಾಲ್ಕನೇ ದಿನ ಚಪ್ಪಲಿಗಳೆಲ್ಲ ಖಾಲಿ. ಕಷ್ಟ ಶುರುವಾಗುವುದೇ ಆಗ. ಯಾರಿಗಾದರೂ ಏನು ಮಾಡಲಿ ಅಂತ ಗೊತ್ತಾಗದಿದ್ದರೆ ನಾನು ಹೇಳುವುದು ಒಂದೇ, ಎರಡನೇ ತಿಂಗಳಲ್ಲಿ ಹೋಗಿ. ಹೋದವರ ಹೆಸರು ಹಿಡಿದು ಮಾತಾಡಿ. ಆ ಹೆಸರನ್ನು ಬೇರೆ ಯಾರೂ ಎತ್ತುತ್ತಿರುವುದಿಲ್ಲ.

ಹೋದ ವರ್ಷ ನನ್ನ ಜೊತೆ ಕೆಲಸ ಮಾಡಿದ್ದ ಗೆಳತಿಯೊಬ್ಬಳ ತಾಯಿ ತೀರಿಕೊಂಡರು. ನಾನು ಆರು ವಾರ ಮೆಸೇಜ್ ಬರೆದು ಅಳಿಸಿ, ಬರೆದು ಅಳಿಸಿ ಮಾಡಿದೆ. ಕೊನೆಗೆ ಒಂದು ಭಾನುವಾರ ಫೋನ್ ಮಾಡಿದೆ. ತಡವಾಗಿದ್ದಕ್ಕೆ ಕ್ಷಮೆ ಕೇಳಿ, "ನಿಮ್ಮಮ್ಮ ಬಾಕ್ಸ್‌ಗೆ ಹಾಕಿ ಕಳಿಸ್ತಿದ್ದ ಆ ಹುಣಸೆ ಗೊಜ್ಜು ನೆನಪಾಗ್ತಾ ಇತ್ತು" ಅಂದೆ. ಸ್ವಲ್ಪ ಹೊತ್ತು ಏನೂ ಕೇಳಿಸಲಿಲ್ಲ. ಆಮೇಲೆ ಅವಳು, "ಅದಕ್ಕೆ ಬೆಲ್ಲ ಎಷ್ಟು ಹಾಕ್ತಿದ್ರು ಅಂತ ಕೇಳ್ಕೊಳ್ಳಲೇ ಇಲ್ಲ ಕಣೋ" ಅಂದಳು. ಅಲ್ಲಿಂದ ಮುಕ್ಕಾಲು ಗಂಟೆ ಅವಳೇ ಮಾತಾಡಿದಳು. ನಡುವೆ ಒಲೆ ಮೇಲಿಟ್ಟ ಹಾಲು ಉಕ್ಕಿತು ಅಂತ ಎದ್ದು ಹೋದಳು, ಒರೆಸಿ ಬಂದು ಮತ್ತೆ ಶುರು ಮಾಡಿದಳು.